ಸ್ಲೇಟಿನ ಬಣ್ಣದ ತುಟಿ

ಹಲ್ಲಿನ ಡಾಕ್ಟರ ಬಳಿ ಬಂದವರಲ್ಲಿ ಹತ್ತಿ ಅಕ್ಕ ಮೊದಲು ನೋಡುತ್ತಿದ್ದುದು ತುಟಿಯನ್ನು. ನೋವಿರೋದು ಹಲ್ಲಲ್ಲಿ, ಈಯಮ್ಮ ನೋಡೋದು ತುಟಿ ಎಂದು ಬಂದವರು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಇಪ್ಪತ್ತನಾಲ್ಕು ವರ್ಷದಿಂದ ಡಾಕ್ಟರ ಆ ಮಾಳಿಗೆಯ ಎರಡು ಕೋಣೆಗಳಲ್ಲಿ ಅವಳ ಕೆಲಸ. ಹತ್ತಿಯನ್ನು ಉಂಡೆ ಕಟ್ಟಿ ಡಬ್ಬಿಗೆ ತುಂಬುವುದು (ಹೆಸರು ಬಂದದ್ದೂ ಅದರಿಂದಲೇ), ಇಕ್ಕಳಗಳನ್ನು ಕುದಿಸುವುದು, ಸೂಜಿ ಚುಚ್ಚುವ ಮೊದಲು ವಸಡಿಗೆ ಹಚ್ಚುವ ಮರಗಟ್ಟಿಸುವ ಮುಲಾಮನ್ನು ತೆಗೆದುಕೊಡುವುದು. ವಸಡನ್ನು ಮೊದಲು ಒಣಗಿಸಬೇಕು. ಕಡಲೆಕಾಳಿನಷ್ಟಲ್ಲ, ಹೆಸರುಕಾಳಿನಷ್ಟು ಹಚ್ಚಬೇಕು. ಒಂದು ನಿಮಿಷ ಕಾದು ಒರೆಸಿ ತೆಗೆಯಬೇಕು. ಮರಗಟ್ಟಿದ್ದು ಬಿಡುವ ತನಕ ತಿನ್ನಲು ಏನೂ ಕೊಡಬಾರದು. ಟ್ಯೂಬನ್ನು ಅವಳು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ಮಗುವಿಗೆ ಹಲ್ಲು ಬರ್ತಾ ಇದೆ, ಚೂರು ಕೊಡು ಎಂದು ಬೇಡಿದ ನೆರೆಯವಳಿಗೆ, ತಣ್ಣೀರಲ್ಲಿ ಅದ್ದಿದ ಬಟ್ಟೆ ಕಚ್ಚಲು ಕೊಡು ಎಂದು ಹೇಳಿ ಬಾಗಿಲು ಮುಚ್ಚಿದ್ದಳು. ಕಲ್ಲೆದೆಯವಳು ಎಂದು ಬೀದಿಯೆಲ್ಲ ಆಡಿಕೊಂಡಿತು.

ಮೊದಲು ಹಾಗಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನೂಲಿನ ಕಾರ್ಖಾನೆಗೆ ಹೋಗುತ್ತಿದ್ದ ತಂಗಿ ಒಂದು ದಿನ ತನ್ನ ಎಂಟು ತಿಂಗಳ ಮಗಳನ್ನು ಅಕ್ಕನ ಮಡಿಲಿಗೆ ಹಾಕಿ ಹೋದಳು. ಕೂಸಿಗೆ ಹಲ್ಲು ಒಡೆಯುತ್ತಿತ್ತು. ಅತ್ತು ಅತ್ತು ಮನೆಯನ್ನೇ ತಲೆಯ ಮೇಲೆ ಹೊತ್ತಿತು. ಡಾಕ್ಟರು ಬುಟ್ಟಿಗೆ ಎಸೆದಿದ್ದ ಟ್ಯೂಬಿನ ತಳದಲ್ಲಿ ಒಂದಿಷ್ಟು ಮುಲಾಮು ಉಳಿದಿತ್ತು. ಹಾಳಾಗುವುದೇಕೆಂದು ಅವಳು ಮನೆಗೆ ತಂದಿಟ್ಟಿದ್ದಳು. ಡಾಕ್ಟರ ಮದ್ದು, ಕೇಡೇನು ಮಾಡೀತು ಎಂದುಕೊಂಡು ವಸಡಿಗೆ ಸವರಿದಳು. ಕೂಸು ಸುಮ್ಮನಾಯಿತು. ಮತ್ತೆ ಅತ್ತಾಗ ಮತ್ತೆ ಸವರಿದಳು. ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ನಾಲ್ಕು ಸಲವಾಗಿತ್ತು.

ಆಮೇಲೆ ನೋಡಿದರೆ ತುಟಿ ಸ್ಲೇಟಿನ ಬಣ್ಣಕ್ಕೆ ತಿರುಗಿತ್ತು. ಚಳಿಯೆಂದುಕೊಂಡು ಎರಡು ಶಾಲು ಹೊದಿಸಿ ಅಂಗಾಲು ಉಜ್ಜಿದಳು. ಅದರಲ್ಲೇ ಕಾಲು ಗಂಟೆ ಕಳೆಯಿತು. ಉಗುರುಗಳಿಗೂ ಅದೇ ಬಣ್ಣ ಇಳಿದಾಗ ಕೂಸನ್ನು ಅವಚಿಕೊಂಡು ದೊಡ್ಡಾಸ್ಪತ್ರೆಗೆ ಓಡಿದಳು. ಏನು ಕುಡಿಸಿದಿರಿ, ಏನು ಹಚ್ಚಿದಿರಿ ಎಂದು ಅಲ್ಲಿಯವರು ಎರಡೆರಡು ಸಲ ಕೇಳಿದರು. ಸುದ್ದಿ ತಿಳಿದು ಬಂದ ತಂಗಿ ಪಕ್ಕದಲ್ಲಿ ನಿಂತಿದ್ದಳು.

"ಹಾಲು ಅಷ್ಟೇ," ಎಂದಳು ಅಕ್ಕ.

ಮೂಗಿಗೆ ಆಮ್ಲಜನಕ ಇಟ್ಟರು. ಮರುದಿನ ಮಧ್ಯಾಹ್ನ ತುಟಿ ಕೆಂಪಗಾಯಿತು. ಕಾರಣ ಸಿಗಲಿಲ್ಲ. ಹೃದಯದಲ್ಲೇನೋ ಇದ್ದೀತು, ಜೋಪಾನ ಎಂದು ಒಬ್ಬರು ಅಂದದ್ದನ್ನು ತಂಗಿ ಸೆರಗಿಗೆ ಗಂಟು ಹಾಕಿಕೊಂಡಳು. ಮಗಳನ್ನು ಓಡಲು ಬಿಡಲಿಲ್ಲ, ಹಗ್ಗ ಹಾರಲು ಬಿಡಲಿಲ್ಲ. ಉಳಿದ ಮಕ್ಕಳು ಕುಣಿಯುವಾಗ ಆ ಹುಡುಗಿ ಗೋಡೆಗೆ ಒರಗಿ ಕೂತು ನೋಡುತ್ತಿತ್ತು. ಹತ್ತಿ ಅಕ್ಕ ಆ ಕಡೆ ಹೋದಾಗಲೆಲ್ಲ ತಲೆ ತಗ್ಗಿಸಿ ದಾಟುತ್ತಿದ್ದಳು.

ವರ್ಷಗಳ ಮೇಲೆ ಡಾಕ್ಟರು ಯಾವುದೋ ಮಾತಿಗೆ ಹೇಳಿದರು: ಈ ಮುಲಾಮನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಸವರಬಾರದು, ಕೆಲವರ ರಕ್ತ ಕೆಟ್ಟು ಮೈ ನೀಲಿಗಟ್ಟುತ್ತದೆ, ಒಮ್ಮೆ ಹಾಗಾದವರಿಗೆ ಮತ್ತೆಂದೂ ಹಚ್ಚಬಾರದು. ಅಂದು ಅವಳಿಗೆ ಎಲ್ಲ ತಿಳಿಯಿತು. ಅಂದೂ ಬಾಯಿ ಬಿಡಲಿಲ್ಲ. ಆದರೆ ಆ ಬಣ್ಣ ಬೆನ್ನು ಬಿಡಲಿಲ್ಲ. ಕನ್ನಡಿಯಲ್ಲಿ, ತೊಳೆದಿಟ್ಟ ತಟ್ಟೆಯಲ್ಲಿ, ಬಾಯ್ತುಂಬ ನಗುವವರ ತುಟಿಯ ಮೇಲೂ ಒಂದು ಗಳಿಗೆ ಮೂಡಿ ಮಾಯವಾಗುತ್ತಿತ್ತು.

ಒಂದು ಬೆಳಿಗ್ಗೆ ಅದೇ ಹುಡುಗಿ, ಇಪ್ಪತ್ತೆರಡರ ಹೆಣ್ಣು, ಕೆನ್ನೆ ಊದಿಸಿಕೊಂಡು ತಾಯಿಯೊಡನೆ ಮಾಳಿಗೆ ಹತ್ತಿ ಬಂದಳು. ನೋವಿನಲ್ಲೂ ತಮಾಷೆ ಬಿಡಲಿಲ್ಲ: "ದೊಡ್ಡಮ್ಮ, ಹತ್ತಿ ಜಾಸ್ತಿ ಇಡು. ಅಮ್ಮನ ಕಿವಿಗೂ ಬೇಕಾಗತ್ತೆ, ನಾನು ಕಿರುಚ್ತೀನಿ."

ಹುಡುಗಿ ಕುರ್ಚಿಯಲ್ಲಿ ಒರಗಿದಳು. ಯಾವುದಾದರೂ ಮದ್ದು ಒಗ್ಗದೆ ಹೋದದ್ದು ಇದೆಯೇ ಎಂದು ಡಾಕ್ಟರು ಕೇಳಿದರು. ಇಲ್ಲ, ಎದೆ ಮಾತ್ರ ಸ್ವಲ್ಪ ಸೂಕ್ಷ್ಮ ಎಂದಳು ತಂಗಿ. ಮೂರು ಸಲ ಪರೀಕ್ಷೆ ಮಾಡಿದರೂ ಏನೂ ಕಂಡಿಲ್ಲವಂತೆ, ಆದರೂ ತನಗೆ ನಂಬಿಕೆಯಿಲ್ಲವಂತೆ. ಡಾಕ್ಟರು ಮುಲಾಮಿಗೆ ಕೈ ಚಾಚಿದರು.

ಹತ್ತಿ ಅಕ್ಕ ಕಪಾಟು ತೆರೆದಳು. ಮುಗಿದುಹೋಗಿದೆ ಎಂದುಬಿಡಬಹುದಿತ್ತು, ಯಾರೂ ನೋಡುವವರಿರಲಿಲ್ಲ. ಆದರೆ ಇಲ್ಲಿ ತಪ್ಪಿಸಿದರೆ ನಾಳೆ ಇನ್ನೆಲ್ಲೋ ಇನ್ನೊಬ್ಬರು ಹಚ್ಚುತ್ತಾರೆ. ಅಲ್ಲಿ ತಾನಿರುವುದಿಲ್ಲ. ಅವಳು ಟ್ಯೂಬನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದು ನಿಂತಳು.

"ಇವಳಿಗೆ ಇದು ಬೇಡ ಡಾಕ್ಟ್ರೇ. ಎಂಟು ತಿಂಗಳ ಕೂಸಾಗಿದ್ದಾಗ ನಾನು ಹಚ್ಚಿದ್ದೆ. ನಾಲ್ಕು ಸಲ. ಅದಕ್ಕೇ ನೀಲಿ ಆಗಿದ್ದು."

ಡಾಕ್ಟರು ಕೈಗವಸು ಕಳಚಿದರು. ಇವತ್ತು ಹಲ್ಲು ಮುಟ್ಟುವುದಿಲ್ಲ, ದೊಡ್ಡಾಸ್ಪತ್ರೆಯಲ್ಲಿ ಇದನ್ನು ಹೇಳಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದು ಚೀಟಿ ಬರೆದರು. ಇನ್ನು ಮುಂದೆ ಯಾವ ಡಾಕ್ಟರ ಹತ್ತಿರ ಹೋದರೂ ಮೊದಲು ಈ ಮಾತು ಹೇಳಬೇಕೆಂದು ಹುಡುಗಿಗೆ ಎಚ್ಚರಿಸಿದರು.

ತಂಗಿ ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

"ಅವತ್ತೇ ಹೇಳಿದ್ರೆ ಒಂದು ವಾರ ಬೈತಿದ್ದೆ ನಾನು," ಎಂದಳು. "ಒಂದೇ ವಾರ, ಅಲ್ವೇನಕ್ಕ?"

ಅಕ್ಕ ಟ್ಯೂಬನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದಳು.

ತಂಗಿ ಆಮೇಲೆ ಅವಳ ಹೊಸ್ತಿಲು ತುಳಿಯಲಿಲ್ಲ. ಹುಡುಗಿ ಮಾತ್ರ ಹಲ್ಲಿನ ಕೆಲಸವೆಲ್ಲ ಮುಗಿದ ಮೇಲೆ ಒಮ್ಮೆ ಬಂದಳು. ಕೂತುಕೋ ಎಂದರೆ ಕೂರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೇ ಕೇಳಿದಳು.

"ಅವತ್ತು ನಾನು ತುಂಬಾ ಅಳ್ತಿದ್ನಾ ದೊಡ್ಡಮ್ಮ?"

"ಹೂಂ," ಎಂದಳು ಹತ್ತಿ ಅಕ್ಕ. ಅದಕ್ಕೇ ಹಚ್ಚಿದೆ ಎನ್ನಲು ಅವಳಿಗೆ ಧೈರ್ಯ ಬರಲಿಲ್ಲ.