ಮಾನಪ್ಪಾಚಾರ್ರ ಆಕಾಶದ ಗಾಡಿ

ಕೈಗೆ ಸಿಕ್ಕ ಯಾವ ವಸ್ತುವನ್ನಾದರೂ ಮಾನಪ್ಪಾಚಾರ್ರು ಮೊದಲು ಬೆರಳ ಮೇಲೆ ನಿಲ್ಲಿಸಿ ನೋಡುತ್ತಿದ್ದರು. ಛತ್ರಿ, ಸೌಟು, ನನ್ನ ಕೆಂಪು ಶಾಯಿಯ ಪೆನ್ನು, ಒಮ್ಮೆ ತರಗತಿಯ ಹಾಜರಿ ಪುಸ್ತಕ. ತೋರುಬೆರಳನ್ನು ಅಡಿಗಿಟ್ಟು ಆಚೀಚೆ ಸರಿಸುವರು. ಅದು ಅಲುಗದೆ ನಿಂತ ಮೇಲೆ "ಹಾಂ, ಇಲ್ಲಿ" ಎಂದು ತಮಗಷ್ಟೇ ಹೇಳಿಕೊಂಡು ವಾಪಸು ಕೊಡುವರು. ಎದುರಿಗಿದ್ದವರು ನಗುತ್ತಾರೆಂಬುದು ಅವರ ಗಮನಕ್ಕೇ ಬರುತ್ತಿರಲಿಲ್ಲ.

ಅವರು ಸೊರಬದವರು, ಗಾಡಿ ಮಾಡುವ ಬಡಗಿ. ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಎತ್ತಿನ ಗಾಡಿ ಮಾಡಿಸುವವರು ಕಡಿಮೆಯಾಗಿದ್ದರು. ಬಾಗಿಲು, ಕಿಟಕಿ, ಬೆಂಚು ಎಂದು ಸಿಕ್ಕ ಕೆಲಸಕ್ಕೆ ಬಸ್ಸು ಹತ್ತಿ ಶಿಕಾರಿಪುರಕ್ಕೆ ಬರುತ್ತಿದ್ದರು. ನಾನು ಆಗ ಶಿಕಾರಿಪುರದ ಒಂದು ಖಾಸಗಿ ಕಾಲೇಜಿನಲ್ಲಿ ಭೌತಶಾಸ್ತ್ರದ ತಾತ್ಕಾಲಿಕ ಉಪನ್ಯಾಸಕಿ. ಕಾಲೇಜಿಗೆ ಹೊಸದಾಗಿ ಎರಡು ಕಂಪ್ಯೂಟರ್ ಬಂದಿದ್ದವು. ಅವನ್ನು ಇಡಲು ಮೇಜು ಮಾಡಿಕೊಡುವ ಕೆಲಸ ಆಚಾರ್ರಿಗೆ ಸಿಕ್ಕಿತು, ಅವನ್ನು ನೋಡಿಕೊಳ್ಳುವ ಕೆಲಸ ನನಗೆ.

ಕಂಪ್ಯೂಟರಿನೊಂದಿಗೆ ಬಂದ ಸಿ.ಡಿ.ಗಳಲ್ಲಿ ಒಂದು ಆಟವಿತ್ತು. ಬಾಹ್ಯಾಕಾಶಕ್ಕೆ ಹೋಗಿ ಬರುವ ನೌಕೆಯನ್ನು ನಾವೇ ವಿನ್ಯಾಸ ಮಾಡಿ ಹಾರಿಸುವ ಆಟ. ಒಡಲೆಷ್ಟು ಉದ್ದ, ರೆಕ್ಕೆ ಎಲ್ಲಿ, ಎಂಜಿನ್ ಎಷ್ಟು, ಇಂಧನದ ಟ್ಯಾಂಕ್ ಎಲ್ಲಿ ಎಂದು ಚೌಕುಳಿ ಹಾಳೆಯಂಥ ಪರದೆಯ ಮೇಲೆ ಜೋಡಿಸಬೇಕು. ಆಮೇಲೆ ಅದನ್ನು ಮೇಲಕ್ಕೆ ಕಳಿಸಿ, ಭೂಮಿ ಸುತ್ತಿಸಿ, ವಿಮಾನದ ಹಾಗೆ ರನ್‌ವೇ ಮೇಲೆ ಇಳಿಸಬೇಕು. ಮಧ್ಯಾಹ್ನದ ಊಟದ ಬಿಡುವಿನಲ್ಲಿ ನಾನು ಅದಕ್ಕೆ ಅಂಟಿಕೊಂಡೆ. ನನ್ನ ನೌಕೆ ಚೆಂದವಾಗಿ ಮೇಲೆ ಹೋಗುತ್ತಿತ್ತು. ಬರುವಾಗ ಮಾತ್ರ ಗಾಳಿಗೆ ತಗುಲಿದೊಡನೆ ಮೂತಿ ಮೇಲೆತ್ತಿ ಹಿಂದಕ್ಕೆ ಪಲ್ಟಿ ಹೊಡೆದು ಚೂರಾಗುತ್ತಿತ್ತು. ವೇಗ ಬದಲಿಸಿದೆ, ಕೋನ ಬದಲಿಸಿದೆ. ಎರಡು ವಾರ ಅದೇ ಕಥೆ.

ಒಂದು ದಿನ ಮೇಜಿನ ಅಳತೆಗೆ ಬಂದ ಆಚಾರ್ರು ಟೇಪು ಹಿಡಿದುಕೊಂಡೇ ನನ್ನ ಹಿಂದೆ ನಿಂತು ನೋಡಿದರು. ನೌಕೆ ಪಲ್ಟಿ ಹೊಡೆಯಿತು.

"ಹಿಂಭಾರ ಆಗಿದೆ, ಅಕ್ಕೋರೆ," ಎಂದರು.

"ಇದು ಗಾಡಿಯಲ್ಲ ಆಚಾರ್ರೆ, ಆಕಾಶದಲ್ಲಿ ಹಾರುವಂಥದ್ದು."

"ಆಗ್ಲಿ ಮಾರಾಯ್ರೆ. ಗಾಡಿನ ಗಾಲಿ ಹೊರ್ತದೆ. ಇದನ್ನ ಎಂತ ಹೊರ್ತದೆ?"

"ರೆಕ್ಕೆ."

"ಹಂಗಾದ್ರೆ ರೆಕ್ಕೆನೇ ಅಚ್ಚು. ಅದನ್ನ ಹಿಂದೆ ಸರಿಸಿ."

"ಮೇಲೆ ಹೋಗುವಾಗ ಸರಿಯಾಗಿಯೇ ಹೋಗುತ್ತದಲ್ಲ?"

"ಹೋಗುವಾಗ ಎಂತ ತುಂಬಿರ್ತೀರಿ?"

"ಇಂಧನ. ಮುಂದಿನ ಟ್ಯಾಂಕಿನಲ್ಲಿ."

"ಬರುವಾಗ ಅದು ಖಾಲಿ. ಹಿಂದೆ ಎಂಜಿನ್ ಮಾತ್ರ ಕಬ್ಬಿಣದ ಗುಂಡಿನ ಹಂಗೆ ಕೂತಿರ್ತದೆ. ಭತ್ತ ತುಂಬಿದಾಗ ಸರಿ ನಡೆದು, ಖಾಲಿ ಆದಾಗ ನೊಗ ಎತ್ತೋ ಗಾಡಿ ಯಾರಿಗೆ ಬೇಕು? ಎರಡೂ ಹೊತ್ತಿಗೆ ಸರಿ ಕೂರ್ಬೇಕು."

ಗುರುತ್ವ ಕೇಂದ್ರದ ಪಾಠವನ್ನು ಪ್ರತಿವರ್ಷ ಬೋರ್ಡಿನ ಮೇಲೆ ಚಿತ್ರ ಬರೆದು ಮಾಡುತ್ತಿದ್ದವಳು ನಾನು. ರೆಕ್ಕೆಯನ್ನು ಹಿಂದಕ್ಕೆ ಸರಿಸಿ, ಸಾಮಾನಿನ ಕೋಣೆಯನ್ನು ಮುಂದಕ್ಕೆ ತಂದು ಮತ್ತೆ ಹಾರಿಸಿದೆ. ನೌಕೆ ಅಲುಗಾಡಿತು, ಪಲ್ಟಿ ಹೊಡೆಯಲಿಲ್ಲ. ರನ್‌ವೇ ತಪ್ಪಿ ಎಲ್ಲೋ ಬಯಲಲ್ಲಿ ಬಿತ್ತು. ಆದರೂ ಇಡೀ ನೌಕೆ ನೆಲದವರೆಗೆ ಬಂದದ್ದು ಅದೇ ಮೊದಲು.

ಆವತ್ತಿನಿಂದ ಆಚಾರ್ರು ಊಟದ ಡಬ್ಬಿಯನ್ನು ಕಂಪ್ಯೂಟರ್ ಕೋಣೆಗೇ ತರತೊಡಗಿದರು. ನಾನು ಕೀಲಿಮಣೆಯ ಕೀಲಿಗಳನ್ನು ತೋರಿಸಿಕೊಟ್ಟೆ. ಇಂಗ್ಲಿಷ್ ಅಕ್ಷರ ಅವರಿಗೆ ಬರುತ್ತಿರಲಿಲ್ಲ, ಯಾವ ಕೀಲಿ ಎಲ್ಲಿದೆ ಎಂಬುದು ಬೆರಳಿಗೆ ಬಂದುಬಿಟ್ಟಿತು. ವಿನ್ಯಾಸದ ಪರದೆಯ ಮುಂದೆ ಅರ್ಧ ಗಂಟೆ ಸುಮ್ಮನೆ ಕೂತು ಒಂದೇ ಒಂದು ಚೌಕ ಸರಿಸಿ ಎದ್ದು ಹೋದ ದಿನಗಳೂ ಇದ್ದವು. ನನಗೆ ಬೇಸರ ಬರುತ್ತಿತ್ತು. ಅವರಿಗೆ ಬರುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಆಟವನ್ನು ಆಟವೆಂದು ಒಪ್ಪಲಿಲ್ಲ. ಮೊದಲ ದಿನವೇ "ಒಳಗೆ ಎಷ್ಟು ಜನ ಇರ್ತಾರೆ?" ಎಂದು ಕೇಳಿದ್ದರು. "ಏಳು," ಎಂದಿದ್ದೆ. ನೌಕೆ ಬಿದ್ದರೆ ನಾನು ತಕ್ಷಣ ಹೊಸ ಹಾರಾಟ ಶುರು ಮಾಡುತ್ತಿದ್ದೆ. ಅವರು ಬೀಳಿಸಿದರೆ ಎದ್ದು ಹೋಗಿ ಕೀಸುಳಿ ಹಿಡಿಯುವರು, ಆ ದಿನ ಮತ್ತೆ ಬರುತ್ತಿರಲಿಲ್ಲ. ಒಮ್ಮೆ ನಾನು ನಕ್ಕೆ. "ಆಚಾರ್ರೆ, ಯಾರೂ ಸತ್ತಿಲ್ಲ, ಬನ್ನಿ."

ಅವರು ನಗಲಿಲ್ಲ. ಮರದ ಹೊಟ್ಟು ಕೊಡವಿಕೊಂಡು ಹೇಳಿದರು: "ಹಿಂದೆ ಒಬ್ರಿಗೆ ಗಾಡಿ ಮಾಡಿಕೊಟ್ಟಿದ್ದೆ. ಏರು ಹತ್ತುವಾಗ ಚೀಲ ಎಲ್ಲ ಹಿಂದೆ ಜಾರಿದ್ವು. ನೊಗ ಮೇಲೆದ್ದು ಎಡಗಡೆ ಎತ್ತು ಕೊರಳ ಹಗ್ಗದಲ್ಲಿ ನೇತುಬಿತ್ತು. ಹಗ್ಗ ಕೊಯ್ಯೋ ಅಷ್ಟರಲ್ಲಿ ಮುಗಿದಿತ್ತು. ಹೇರಿದವರ ತಪ್ಪು ಅಂದ್ರು ಎಲ್ಲ. ನಾನು ಹೋಗಿ ಅಳೆದು ನೋಡ್ದೆ ಅಕ್ಕೋರೆ. ಅಚ್ಚು ನಾಲ್ಕು ಬೆರಳು ಮುಂದಿತ್ತು. ಇಟ್ಟವ ನಾನು."

"ಅವರಿಗೆ ಹೇಳಿದಿರಾ?"

"ಹೇಳ್ದೆ. ಬೈದ್ರು. ಬೈಸಿಕೊಂಡು ಬಂದೆ."

ಆಮೇಲೆ ನಾನೂ ನೌಕೆ ಬಿದ್ದಾಗ ಸ್ವಲ್ಪ ಹೊತ್ತು ಕೈಕಟ್ಟಿ ಕೂರುತ್ತಿದ್ದೆ.

ಮೇಜುಗಳು ಮುಗಿಯುವ ಹೊತ್ತಿಗೆ ನೌಕೆಯೂ ಒಂದು ರೂಪಕ್ಕೆ ಬಂದಿತ್ತು. ಗಿಡ್ಡ ಒಡಲು, ತೀರ ಹಿಂದಕ್ಕೆ ಕೂತ ಅಗಲ ರೆಕ್ಕೆ. ನೋಡಲು ಏನೂ ಚೆಂದವಿರಲಿಲ್ಲ. ಹತ್ತು ಸಲ ಹಾರಿಸಿದರೆ ಒಂಬತ್ತು ಸಲ ಇಳಿಯುತ್ತಿತ್ತು.

ಆ ಹೊತ್ತಿಗೇ ಸೊರಬದಲ್ಲಿ ಸುತ್ತಲಿನ ಕಾಲೇಜುಗಳ ವಿಜ್ಞಾನ ಅಧ್ಯಾಪಕರ ಒಂದು ಸಭೆ ಸೇರಿತು. ಕಂಪ್ಯೂಟರಿನಿಂದ ಏನು ಕಲಿಸಬಹುದೆಂದು ತೋರಿಸುವ ಸರದಿ ನಮ್ಮ ಕಾಲೇಜಿನದು. ನನ್ನ ನೌಕರಿ ಕಾಯಂ ಆಗುವ ಮಾತು ನಡೆದಿತ್ತು. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಖುದ್ದು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಜೀಪಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದವರು ಆಚಾರ್ರು. ತಮ್ಮದೇ ಊರಿನ ಸಭೆಯೆಂದು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಹಿಂದಿನ ಗೋಡೆಗೆ ಒರಗಿ ನಿಂತರು.

ನಾನು ಹಾರಿಸಿದೆ. ಮೇಲೆ ಹೋಯಿತು, ಸುತ್ತಿತು, ಮರಳಿ ಗಾಳಿಗೆ ಇಳಿಯಿತು. ರನ್‌ವೇ ಕಾಣಿಸಿದಾಗ ಅಷ್ಟು ದೂರ ತಲುಪುವುದಿಲ್ಲವೆಂದು ನನಗೆ ಹೆದರಿಕೆಯಾಯಿತು. ಮೂತಿ ಎತ್ತಿದೆ. ವೇಗ ಇಳಿಯಿತು. ಇನ್ನೂ ಎತ್ತಿದೆ. ನೌಕೆ ನಡುಗತೊಡಗಿತು.

"ಮೂತಿ ಎತ್ಬೇಡಿ ಅಕ್ಕೋರೆ!" ಹಿಂದಿನಿಂದ ದೊಡ್ಡ ದನಿ ಬಂತು. "ಇಳೀಲಿ, ಬಿಡಿ! ಬಿಡಿ!"

ಕೀಲಿ ಬಿಟ್ಟೆ. ಮೂತಿ ಬಾಗಿತು, ವೇಗ ಬಂತು. ರನ್‌ವೇಯ ಅಂಚಿಗೆ ಮುಟ್ಟಿದ ನೌಕೆ ಉದ್ದಕ್ಕೂ ಓಡಿ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಸಭೆಯ ಅಧ್ಯಕ್ಷರು ಕೇಳಿದರು, "ವಿನ್ಯಾಸ ನಿಮ್ಮದೇನಮ್ಮ?"

"ಹೌದು ಸರ್," ಎಂದೆ.

ಕಾರ್ಯದರ್ಶಿಗಳು ತಿರುಗಿ ನೋಡಿ, "ಹಿಂದಿಂದ ಕೂಗಿದ್ದು ಯಾರ್ರೀ?" ಎಂದರು.

"ನಮ್ಮ ಮೇಜು ಮಾಡಿದ ಬಡಗಿ ಸರ್. ದಿನಾ ನೋಡಿ ನೋಡಿ ಒಂದೆರಡು ಮಾತು ಕಲಿತಿದ್ದಾರೆ."

ಸಭೆ ನಕ್ಕಿತು. ನಾನೂ ನಕ್ಕೆ. ಆಚಾರ್ರು ಕೌದಿಯನ್ನು ಬಿಡಿಸಿ ಮಡಚುತ್ತಿದ್ದರು. ಸಭೆ ಮುಗಿದ ಮೇಲೆ ಕಂಪ್ಯೂಟರನ್ನು ಜಾಗ್ರತೆಯಾಗಿ ಸುತ್ತಿ ಜೀಪಿನಲ್ಲಿಟ್ಟು, "ನಮ್ಮನೆ ಇಲ್ಲೇ. ನಾನು ಉಳೀತೀನಿ," ಎಂದಷ್ಟೇ ಹೇಳಿದರು.

ನನ್ನ ನೌಕರಿ ಕಾಯಂ ಆಯಿತು. ಆಚಾರ್ರ ಕೆಲಸ ಮುಗಿದಿತ್ತು, ಅವರು ಕಾಲೇಜಿಗೆ ಬರಲು ಕಾರಣವಿರಲಿಲ್ಲ. ಪೇಟೆಯಲ್ಲಿ ಎರಡು ಸಲ ಸಿಕ್ಕರು. ಮಾತಾಡಿಸಿದರು, ಚೆನ್ನಾಗಿಯೇ ಮಾತಾಡಿಸಿದರು. ಆಟದ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೊಸ ಶೈಕ್ಷಣಿಕ ವರ್ಷದ ವಿದ್ಯಾರ್ಥಿಗಳಿಗೆ ನೌಕೆ ಹಾರಿಸಿ ತೋರಿಸಿದ ದಿನ ಒಬ್ಬಳು, "ರೆಕ್ಕೆ ಅಷ್ಟು ಹಿಂದೆ ಯಾಕೆ ಮೇಡಂ?" ಎಂದು ಕೇಳಿದಳು. ನನಗೆ ಗೊತ್ತಿದ್ದ ಸರಿಯಾದ ಉತ್ತರವೆಲ್ಲ ಆಚಾರ್ರ ಮಾತಿನಲ್ಲೇ ಇತ್ತು. ಹೆಸರು ಹೇಳದೆ ಅದನ್ನೇ ಹೇಳಿದೆ. ಮುಂದಿನ ಭಾನುವಾರ ಸೊರಬದ ಬಸ್ಸು ಹತ್ತಿದೆ.

ಅವರು ಕೊಟ್ಟಿಗೆಯ ಪಕ್ಕದ ಚಪ್ಪರದಡಿ ಬಾಗಿಲಿನ ಚೌಕಟ್ಟು ಜೋಡಿಸುತ್ತಿದ್ದರು. ಹೆಂಡತಿ ಚಾಪೆ ಹಾಸಿ, ಚಹಾ ಕೊಟ್ಟು ಒಳಗೆ ಹೋದರು. ನಾನು ಸುತ್ತಿ ಬಳಸದೆ ಹೇಳಿದೆ.

"ಆವತ್ತು ನಾನು ಹೇಳಿದ್ದು ಸುಳ್ಳು ಆಚಾರ್ರೆ."

"ಮೇಜು ಮಾಡಿದ್ದು ನಾನೇ ಅಲ್ದಾ?" ಎಂದರು. ಉಳಿ ನಿಲ್ಲಲಿಲ್ಲ.

"ಒಂದು ದಿನ ಕಾಲೇಜಿಗೆ ಬನ್ನಿ. ಹುಡುಗರಿಗೆ ನೀವೇ ತೋರಿಸಿ. ಯಾರು ಮಾಡಿದ್ದೆಂದು ಎಲ್ಲರೆದುರು ನಾನು ಹೇಳುತ್ತೇನೆ."

ಉಳಿಯನ್ನು ಕೆಳಗಿಟ್ಟರು. ಸಿಟ್ಟು ಕಾಣಲಿಲ್ಲ.

"ಆವತ್ತು ಕರೆದಿದ್ರೆ ಬರ್ತಿದ್ದೆ ಅಕ್ಕೋರೆ. ಹಿಂದಿನ ಗೋಡೆಯಿಂದ ಮುಂದಿನ ಮೇಜಿಗೆ ಎಷ್ಟು ದೂರ? ಹತ್ತು ಹೆಜ್ಜೆ. ಈಗ ಬ್ಯಾಡ."

ನಾನು ಮತ್ತೆ ಒತ್ತಾಯ ಮಾಡಲಿಲ್ಲ. ಚಹಾ ಆರಿತ್ತು, ಕುಡಿದೆ.

ಬಸ್ ನಿಲ್ದಾಣದವರೆಗೆ ಅವರೇ ಜೊತೆಗೆ ಬಂದರು. ಮರುವರ್ಷ ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳು ಕಳೆದ ಮೇಲೆ. ಹಾಗಾಗಿ ಅದೇ ನಮ್ಮ ಕೊನೆಯ ಭೇಟಿ. ನಿಲ್ದಾಣದಲ್ಲಿ ಅವರ ಪರಿಚಯದ ಒಬ್ಬರು ಜೋಳದ ಚೀಲದ ಮೇಲೆ ಕೂತಿದ್ದರು. ನನ್ನತ್ತ ನೋಡಿ, "ಯಾರು ಆಚಾರ್ರೆ, ನೆಂಟ್ರಾ?" ಎಂದು ಕೇಳಿದರು.

"ಅಲ್ಲ. ಶಿಕಾರಿಪುರದ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸೋ ಅಕ್ಕೋರು," ಎಂದರು ಆಚಾರ್ರು. ನನ್ನ ಹೆಸರನ್ನೂ ಹೇಳಿದರು. "ಆಕಾಶದ ಗಾಡಿ ಹಾರ್ಸೋದು ನಂಗೆ ಕಲಿಸಿದ್ದು ಇವ್ರೇ."

"ನಾನು ಕಲಿಸಿದ್ದು ಕೀಲಿ ಒತ್ತುವುದನ್ನು ಮಾತ್ರ," ಎಂದೆ. "ಗಾಡಿ ಮಾಡಿದ್ದು ಇವರು. ಪೂರ್ತಿ ಇವರೇ."

ಚೀಲದ ಮೇಲೆ ಕೂತವರು "ಹೌದಾ" ಎಂದು ತಲೆಯಾಡಿಸಿ, ಬಸ್ಸು ಬರುತ್ತದೆಯೇ ಎಂದು ಆ ಕಡೆ ತಿರುಗಿದರು. ಆಚಾರ್ರು ನನ್ನ ಮುಖವನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗಿದರು. ಅವರು ಕೈ ಅಡ್ಡ ಹಿಡಿದು ನನಗೆ ದಾರಿ ಮಾಡಿಕೊಟ್ಟರು.

"ಹತ್ತಿ ಅಕ್ಕೋರೆ, ಕಿಟಕಿ ಹತ್ರ ಜಾಗ ಅದೆ," ಎಂದರು.