ಸುಮ್ಮನಿದ್ದ ಮರಿ

ಏ ಮಲ್ಲೂ! ಏ ಸಪ್ನಾ! ಫೋನಿನ ಆ ಕಡೆ, ರಸ್ತೆಯಲ್ಲಿ ನಿಂತ ಗೆಳೆಯರೇ, ಇತ್ತ ಕಿವಿ ಕೊಡಿರಿ! ಆ ಆಟೋ ಮುಂದೆ ಹೋಗಲಿ, ಆ ಹಾರ್ನ್ ಸತ್ತುಹೋಗಲಿ, ಫೋನನ್ನು ಕಿವಿಗೆ ಒತ್ತಿ ಹಿಡಿಯಿರಿ. ಇವತ್ತು ನಗಿಸುವ ಸುದ್ದಿ ತಂದಿಲ್ಲ. ನಮ್ಮ ಮೇಲಿನ ಮನೆಯಲ್ಲಿ ಗುರುಶಾಂತ ಕಾಕಾ ಇದ್ದಾರಲ್ಲ, ಅವರ ಸುದ್ದಿ.

ನೀವು ಅವರನ್ನು ನೋಡಿಲ್ಲ. ಬೇಗಂ ಬಜಾರಿನ ಮೆಣಸಿನಕಾಯಿ ಅಂಗಡಿಯಲ್ಲಿ ಚೀಲ ತೂಗಿಸುವ ಕೆಲಸ. ಅವರು ಮೆಟ್ಟಿಲು ಹತ್ತಿದರೆ ಸಾಕು, ಕೆಳಗೆ ನಾನೂ ನಮ್ಮ ಅವ್ವ ಬಂಡೆಮ್ಮನೂ ಸೀನುತ್ತೇವೆ. ಊರು ಸೇಡಂ ಹತ್ತಿರದ ಹಳ್ಳಿ. ಅವರಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ಬೆಲೆ ಹೇಳುವ ಮಂದಿ. ಕಾಕಾ ಆ ಕಸುಬನ್ನು ಊರಿನಲ್ಲೇ ಬಿಟ್ಟು ಬಂದರೂ ಅದರ ಜಂಬವನ್ನು ಬಿಟ್ಟು ಬಂದಿಲ್ಲ. ರಸ್ತೆಗೆ ಎಮ್ಮೆ ಅಡ್ಡ ಬಂದರೆ ಎಲ್ಲರೂ ಬೈಯುತ್ತಾರೆ. ಇವರು ಬಗ್ಗಿ ಅದರ ಹಲ್ಲು ನೋಡುತ್ತಾರೆ.

ಹೆಂಡತಿ ಸುವರ್ಣಾ ಕಾಕು. ಮಕ್ಕಳಿಲ್ಲ. ಹೋದ ವರ್ಷ ಕಾಕುಗೆ ದೊಡ್ಡ ಜ್ವರ ಬಂತು. ಜ್ವರವೇನೋ ಇಳಿಯಿತು, ಹೋಗುವಾಗ ಎರಡೂ ಕಿವಿ ಒಯ್ದಿತು. ಮಷೀನ್ ಹಾಕಿದರೂ ಉಪಯೋಗವಿಲ್ಲ ಎಂದರು ಡಾಕ್ಟರು. ತುಟಿ ನೋಡಿ ಮಾತು ತಿಳಿಯುವುದನ್ನು ಕಾಕು ತಾವೇ ಕಲಿತರು. ಅದಕ್ಕೆ ಮುಖ ಎದುರಿಗಿರಬೇಕು, ನಿಧಾನ ಮಾತಾಡಬೇಕು. ತಮ್ಮ ದನಿ ತಮಗೇ ಕೇಳದ್ದರಿಂದ ಅವರು ಜೋರಾಗಿ ಮಾತಾಡುತ್ತಾರೆ. ಹೆಂಡತಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಕಾಕಾ ಕೂಗುತ್ತಾರೆ. ಹೀಗಾಗಿ ಆ ಮನೆಯ ಗುಟ್ಟೆಲ್ಲ ನಮ್ಮ ಮನೆಗೆ ಇಳಿದು ಬರುತ್ತದೆ.

ಒಂದು ಮಧ್ಯಾಹ್ನ ಕರೆಂಟಿನ ಮೀಟರ್ ನೋಡುವವನು ಬಾಗಿಲು ಬಡಿದು ಬಡಿದು ಸಾಕಾಗಿ, ತೆರೆದೇ ಇದೆಯಲ್ಲ ಎಂದು ಒಳಗೆ ಹೋದ. ರೊಟ್ಟಿ ಬಡಿಯುತ್ತಿದ್ದ ಕಾಕು ತಿರುಗಿದರೆ ಬೆನ್ನ ಹಿಂದೆ ಯಾರೋ ಗಂಡಸು! ಆ ಚೀತ್ಕಾರಕ್ಕೆ ಇಡೀ ಓಣಿ ಹೊರಗೆ ಬಂತು. ಅಂದಿನಿಂದ ಕಾಕು ಹಟ ಹಿಡಿದರು, "ಒಳಗಿಂದ ಚಿಲಕ ಹಾಕಿದ್ರ ನೀವು ಬಂದು ಬಡದಿದ್ದು ನನಗ ಕೇಳಂಗಿಲ್ಲ. ಹೊರಗಿಂದ ಕೀಲಿ ಹಾಕ್ಕೊಂಡು ಹೋಗ್ರಿ." ಕಾಕಾ ದಿನವೂ ಹೆಂಡತಿಯನ್ನು ಒಳಗಿಟ್ಟು ಕೀಲಿ ಹಾಕಿ ಅಂಗಡಿಗೆ ಹೋಗತೊಡಗಿದರು.

ನಮ್ಮವ್ವ ಮೆಟ್ಟಿಲಲ್ಲೇ ಹಿಡಿದು ಕೇಳಿದಳು. "ಏನ್ರಿ ಅಣ್ಣಾರ, ಹೇಣ್ತಿ ಅಂದ್ರ ತಿಜೋರಿ ಅನ್ಕೊಂಡೀರೇನು?"

"ಆಕೀನೇ ಹೇಳ್ಯಾಳವ್ವಾ. ನನಗೇನ್ ಖುಷಿ ಐತೇನು?"

ನಾಯಿಯ ಮಾತು ತೆಗೆದದ್ದು ಆ ಕಿವಿ ಡಾಕ್ಟರು. ಸಣ್ಣ ಜಾತಿಯದೊಂದು ಸಾಕಿರಿ, ಬಾಗಿಲಿಗೆ ಯಾರಾದರೂ ಬಂದರೆ ಓಡಿ ಬಂದು ಕಾಲು ಕೆರೆಯುತ್ತದೆ, ನಿಮಗೆ ತಿಳಿಯುತ್ತದೆ ಎಂದರು. ಕಾಕು ಅಂದು ಮೆಟ್ಟಿಲು ಹತ್ತುತ್ತಲೇ ಘೋಷಿಸಿಬಿಟ್ಟರು, "ನಾಯಿ ಬಂದ ಮ್ಯಾಲ ಕೀಲಿ ಬ್ಯಾಡ್ರಿ! ನಾ ಬಜಾರಕ್ಕೂ ಹೋಗ್ತೀನಿ!" ಇಡೀ ಓಣಿಗೆ ಕೇಳಿತು.

ಗಚ್ಚಿಬೌಲಿ ಕಡೆ ಒಂದು ಆಶ್ರಯ ಇದೆ, ಫ್ಲಾಟಿನ ಮಂದಿ ಬಿಟ್ಟುಹೋದ ಸಣ್ಣ ನಾಯಿಗಳು ಅಲ್ಲಿವೆ, ಪರೀಕ್ಷೆ ಮಾಡಿಸಿ, ಇಂಜೆಕ್ಷನ್ ಹಾಕಿಸಿ ಪುಕ್ಕಟೆ ಕೊಡುತ್ತಾರೆ ಎಂದು ನಾನು ಹೇಳಿದೆ. ಕಾಕಾ ತಲೆ ಅಲ್ಲಾಡಿಸಿದರು.

"ಪುಕ್ಕಟೆ ಬಂದ ಜಾನುವಾರು ಮನಿಗೆ ಹೊಂದಂಗಿಲ್ಲಪಾ. ನಮ್ಮಪ್ಪ ಹೇಳ್ತಿದ್ದ. ರೊಕ್ಕ ಕೊಟ್ಟು, ಹಗ್ಗ ಹಿಡದು ತರಬೇಕು. ನಾ ಆರಿಸ್ತೀನಿ, ನೀ ಗಾಡಿ ಹೊಡಿ."

ಊರ ಹೊರಗೆ ಸೂರ್ಯನಾರಾಯಣ ಎಂಬವನು ಮರಿ ಮಾರುತ್ತಾನೆಂದು ಯಾರೋ ಹೇಳಿದ್ದರು. ಅಲ್ಲಿಗೆ ಹೋದೆವು. ತಗಡಿನ ಶೆಡ್ಡು, ಫಿನೈಲಿನ ವಾಸನೆ. ಒಂದು ಬುಟ್ಟಿಯ ತುಂಬ ಬಿಳಿ ಪಾಮೇರಿಯನ್ ಮರಿಗಳು. ಒಂದು ನನ್ನ ಬೂಟಿನ ದಾರ ಕಚ್ಚಿ ಎಳೆಯಿತು, ಎರಡು ಪರಸ್ಪರ ಕಿವಿ ಹಿಡಿದು ಉರುಳಾಡುತ್ತಿದ್ದವು. ಮೂಲೆಯಲ್ಲೊಂದು ಕುಳಿತಿತ್ತು.

ಕಾಕಾ ಒಂದೊಂದನ್ನೇ ಎತ್ತಿ ನೋಡಿದರು. ಬೆನ್ನಿನ ಸುಳಿ ನೋಡಿದರು, ಬಾಯಿ ಬಿಡಿಸಿ ಹಲ್ಲು ನೋಡಿದರು, ಬಾಲ ಎತ್ತಿದರು. ಬೂಟು ಕಚ್ಚಿದ್ದು ಅವರ ಬೆರಳನ್ನೂ ಕಚ್ಚಿತು. "ಇದು ಹಾಯೋ ಜಾತಿ" ಎಂದು ಕೆಳಗಿಟ್ಟರು. ಮೂಲೆಯ ಮರಿ ಎಲ್ಲಿ ಮುಟ್ಟಿದರೂ ಮಿಸುಕಲಿಲ್ಲ. ಕೈಯಲ್ಲಿ ಇಟ್ಟದ್ದು ಇಟ್ಟ ಹಾಗೆ ಕುಳಿತು ಕಣ್ಣು ಮುಚ್ಚಿತು. ಕಾಕಾರ ಮುಖ ಅರಳಿತು.

"ನೋಡ್, ಕಲಿ. ಸಂತ್ಯಾಗ ಎಲ್ಲಾರೂ ಜಿಗಿಯೋ ಕರದ ಹಿಂದ ಬೀಳ್ತಾರ. ಹಿಂದಗಾಲು ಮುಟ್ಟಿದ್ರೂ ಒದಿಲಾರದ್ದು, ಕೈಯಾಗ ನಿಲ್ಲೋದು, ಅದು ಮನಿ ಬೆಳಗೋ ದನ."

"ಕಾಕಾ, ಇದು ದನ ಅಲ್ರಿ."

"ನಾಕು ಕಾಲು ಅದಾವಿಲ್ಲೋ?"

ತಾಯಿಯನ್ನು ತೋರಿಸು ಎಂದು ಕಾಕಾ ಕೇಳಿದ್ದು ನಿಜ. ಅದು ಬೇರೆ ಮನೆಯಲ್ಲಿದೆ ಎಂದ ಸೂರ್ಯನಾರಾಯಣ. ಇಂಜೆಕ್ಷನ್ ಎಲ್ಲ ಆಗಿದೆ ಎಂದೂ ಅಂದ. ಊರಿನಲ್ಲಾಗಿದ್ದರೆ ತಾಯಿ ನೋಡದೆ ಕಾಕಾ ಕರು ಕಟ್ಟುತ್ತಿರಲಿಲ್ಲ. ಆದರೆ ಮರಿ ಅಷ್ಟು ಹೊತ್ತಿಗೆ ಅವರ ಅಂಗಿಯ ಮೇಲೆ ತಲೆ ಇಟ್ಟಾಗಿತ್ತು. ಬೆಲೆ ಕುದುರಿಸಲು ಕಾಕಾ ಟವೆಲ್ ತೆಗೆದು ಸೂರ್ಯನಾರಾಯಣನ ಕೈ ಮೇಲೆ ಹೊದಿಸಿ ಬೆರಳು ಒತ್ತಿದರು. ಅವನು ಬೆಚ್ಚಿಬಿದ್ದು, "ಏ ಕ್ಯಾ ಕರ್ ರೇ ಚಾಚಾ, ಹಾಥ್ ಛೋಡೋ!" ಎಂದು ಕೈ ಎಳೆದುಕೊಂಡ. ದಾರಿಯುದ್ದಕ್ಕೂ ನಾವಿಬ್ಬರೂ ಅದನ್ನೇ ನೆನೆದು ನಕ್ಕೆವು. ಮರಿ ನಮ್ಮಿಬ್ಬರ ನಡುವೆ ಸುಮ್ಮನೆ ಮಲಗಿತ್ತು.

ಪಂಚಮಿಗೆ ಹುರಿದು ಅರಳಿಸಿದ ಜೋಳದ ಅಳ್ಳಿನಂತೆ ಬೆಳ್ಳಗಿದೆ ಎಂದು ಕಾಕು ಅದಕ್ಕೆ ಅಳ್ಳು ಎಂದೇ ಹೆಸರಿಟ್ಟರು. "ಅಳ್ಳೂ, ಬಾ! ಅಳ್ಳೂ, ಹಾಲ್ ಕುಡಿ!" ಮೇಲಿನಿಂದ ದಿನವಿಡೀ ಅದೇ ಕೂಗು. ಮರಿ ಬಾಗಿಲಿಗೆ ಓಡಲಿಲ್ಲ, ಕಾಲು ಕೆರೆಯಲಿಲ್ಲ. ಹಾಲು ನೆಕ್ಕಿ ಮಲಗುತ್ತಿತ್ತು. "ಹೊಸಾ ಜಾಗ, ಕಲೀತದ" ಎಂದರು ಕಾಕಾ. ಕಲಿಯುವವರೆಗೆ ಕೀಲಿ ಇರಲಿ ಎಂದುಕೊಂಡರು.

ವಾರ ತುಂಬಲಿಲ್ಲ. ನಾನು ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ. ಅವ್ವ ಬಂದು ಎಬ್ಬಿಸಿದಳು. ಮೇಲೆ ಕಾಕು ಒಳಗಿನಿಂದ ಬಾಗಿಲು ಗುದ್ದುತ್ತಿದ್ದರು. ಕೀಲಿ ಕಾಕಾ ಹತ್ತಿರ. ಫೋನ್ ಮಾಡಿದೆ. ಅವರು ಓಡೋಡಿ ಬಂದು ಬಾಗಿಲು ತೆಗೆದರೆ, ಕಾಕು ಸೆರಗಿನಲ್ಲಿ ಮರಿ ಹಿಡಿದು ನಿಂತಿದ್ದರು. ಮಂಚದ ಕೆಳಗೆ ವಾಂತಿ, ರಕ್ತ. ನಮ್ಮವ್ವ ಬಾಯಿ ತಪ್ಪಿ ಅಂದುಬಿಟ್ಟಳು, "ಮುಂಜಾನಿಂದ ಕುಂಯ್ಯ ಕುಂಯ್ಯ ಅಂತಿತ್ತು. ತಾಯಿ ನೆನಸಿ ಅಳತೈತಿ ಅನ್ಕೊಂಡೆ."

ಕಾಕು ಅವಳ ತುಟಿಯನ್ನೇ ನೋಡುತ್ತಿದ್ದರು.

ಪ್ರಾಣಿಗಳ ಡಾಕ್ಟರ್ ಶಾಮಲಾ ಬೀದರ ಕಡೆಯವರು, ಕನ್ನಡದಲ್ಲೇ ಮಾತಾಡಿದರು. ಸೂಜಿ ಚುಚ್ಚಿ, ನೀರು ಏರಿಸಿ ನೋಡಿದರು. ಮರಿ ಮೇಜಿನ ಮೇಲೆಯೇ ಹೋಯಿತು.

"ತಂದಾಗ ಹ್ಯಾಂಗಿತ್ರಿ?" ಎಂದು ಕೇಳಿದರು.

"ಭಾಳ ಶಾಂತ ಇತ್ರಿ," ಎಂದರು ಕಾಕಾ. "ಅದಕ್ಕ ಆರಿಸಿದ್ದು."

"ನಾಯಿಮರಿ ಶಾಂತ ಇರಂಗಿಲ್ರಿ. ಕಚ್ಚಬೇಕು, ಓಡಬೇಕು. ಕೈಯಾಗ ಸುಮ್ಕ ಕುಂತದ ಅಂದ್ರ ಆಗ್ಲೇ ಮೈ ಕೆಟ್ಟಿತ್ತು. ಪಾರ್ವೊ ಅಂತಾರ ಈ ಬ್ಯಾನಿಗೆ. ತರೋವಾಗ್ಲೇ ಹೊಟ್ಟ್ಯಾಗ ಇತ್ತು. ತಾಯಿನ್ನ ನೋಡಿದ್ರೇನು?"

ಡಾಕ್ಟರ್ ಮಾಸ್ಕ್ ಹಾಕಿದ್ದರು. ಪಕ್ಕದಲ್ಲೇ ನಿಂತಿದ್ದ ಕಾಕುಗೆ ಇದರಲ್ಲಿ ಒಂದಕ್ಷರವೂ ತಿಳಿದಿರಲಿಲ್ಲ. ಗಂಡನ ತೋಳು ಹಿಡಿದು ಅಲ್ಲಾಡಿಸಿದರು, "ಏನಂದ್ರು? ಏನಂದ್ರು?" ಕಾಕಾ ಮುಖ ಬಾಗಿಲ ಕಡೆ ತಿರುಗಿಸಿ, "ನಡಿ, ಹೋಗೋಣು" ಎಂದರು. ಅದೂ ಆಕೆಗೆ ಕಾಣಲಿಲ್ಲ.

ಮೂಸಿ ದಂಡೆಯ ಮೆತ್ತನೆ ಮಣ್ಣಿನಲ್ಲಿ ಹೂತು ಮನೆಗೆ ಬಂದೆವು. ಸಂಜೆಯಾಗಿತ್ತು. ಅವ್ವ ಚಹಾ ಮಾಡಿ ಕೊಟ್ಟು ನನ್ನನ್ನು ಮೇಲೆ ಕಳಿಸಿದಳು. ಬಾಗಿಲು ಹಾರುಹೊಡೆದು ತೆರೆದಿತ್ತು. ಕಾಕು ನೆಲದ ಮೇಲೆ ಕುಳಿತು ತಮ್ಮ ಕಿವಿಗೆ ತಾವೇ ಹೊಡೆದುಕೊಳ್ಳುತ್ತಿದ್ದರು.

"ಒದರಿ ಒದರಿ ಸತ್ತಿತು. ನಾ ಇಲ್ಲೇ ಇದ್ದೆ. ಬೆನ್ನ ಹಿಂದ ಇತ್ತು. ನನ್ನ ಕಿವಿ ಕೊಂದ್ವು ಅದನ್ನ."

ಕಾಕಾ ಗೋಡೆ ನೋಡುತ್ತ, "ಹಂಗಲ್ಲ" ಎಂದರು. ಇನ್ನೊಮ್ಮೆ, ನೆಲ ನೋಡುತ್ತ, "ಹಂಗಲ್ಲ ಅದು." ನಾನು ಚಹಾ ಇಟ್ಟು ಹೊರಟೆ. ಆದರೆ ಕಾಲು ಮೆಟ್ಟಿಲು ಇಳಿಯಲಿಲ್ಲ. ಕೇಳುವವರು ಬೇರೆಯವರಾದರೆ ತಪ್ಪು ಒಪ್ಪಿಕೊಳ್ಳುವ ಮಾತನ್ನು ಗಂಟಲಲ್ಲೇ ಗೊಣಗಿ ಮುಗಿಸಬಹುದು, ಮುಖ ತಪ್ಪಿಸಿ ಹೇಳಬಹುದು. ಕಾಕುಗೆ ಹಾಗೆ ಹೇಳಲಾಗದು. ಕಾಕಾ ಕೊನೆಗೆ ಹೆಂಡತಿಯ ಎದುರಿಗೆ ಕುಳಿತರು, ಆಕೆಯ ಎರಡೂ ಕೈ ಹಿಡಿದು ಕಿವಿಯಿಂದ ಬಿಡಿಸಿದರು. ಕೂಗಲಿಲ್ಲ. ಒಂದೊಂದೇ ಮಾತನ್ನು ತುಟಿಯಲ್ಲಿ ಬಿಡಿಸಿಟ್ಟರು.

"ಮರಿ. ತರೋವಾಗ್ಲೇ. ಬ್ಯಾನಿ ಇತ್ತು. ನಾ ಆರಿಸಿದ್ದು ತಪ್ಪಿತು. ಸುಮ್ಕ ಕುಂತಿತ್ತು. ಛಲೋ ಐತಿ ಅನ್ಕೊಂಡೆ."

ಕಾಕು ಆ ತುಟಿಗಳನ್ನೇ ನೋಡಿದರು. ಆಮೇಲೆ ಕೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ಈ ಒಂದು ವರ್ಷದಲ್ಲಿ ನಾನು ಕೇಳಿರಲಿಲ್ಲ.

"ನಾನೂ ಸುಮ್ಕೇ ಕುಂತಿರ್ತೀನಲ್ರಿ. ನನ್ನೂ ಹಂಗ ಅನ್ಕೊಂಡೀರೇನು?"

ಕಾಕು ಹೇಳತೊಡಗಿದರು. ಕೀಲಿ ಬಿದ್ದ ಮೇಲೆ ನೆಲಕ್ಕೆ ಅಂಗೈ ಒತ್ತಿಕೊಂಡು ಕೂರುತ್ತಾರಂತೆ, ಯಾರಾದರೂ ಮೆಟ್ಟಿಲು ಹತ್ತಿದರೆ ನಡುಗುವುದು ತಿಳಿಯಲಿ ಎಂದು. ಒಲೆಗೆ ಬೆನ್ನು ಮಾಡುವುದಿಲ್ಲವಂತೆ, ಬಾಗಿಲಿಗೂ ಬೆನ್ನು ಮಾಡುವುದಿಲ್ಲವಂತೆ, ಮಧ್ಯ ನಿಂತು ಸುತ್ತುತ್ತಾರಂತೆ. ಮರಿ ಬಂದ ಮೇಲೆ ಮೊದಲ ಸಲ ಬೆನ್ನು ತಿರುಗಿಸಿ ರೊಟ್ಟಿ ಬಡಿದದ್ದಂತೆ.

"ನಾಳೆ ನನ್ನ ಒಬ್ಬಾಕಿನ್ನ ಬಿಟ್ಟು ಹೋಗಬ್ಯಾಡ್ರಿ. ಕೀಲಿ ಹಾಕಿದ್ರೂ ಬ್ಯಾಡ, ಹಾಕದಿದ್ರೂ ಬ್ಯಾಡ."

ಚಹಾ ಆರಿ ಕೆನೆ ಕಟ್ಟಿತ್ತು. ಕಾಕಾ ಎದ್ದು ಕಣ್ಣು ಒರೆಸಿಕೊಂಡು, ಫೋನ್ ತೆಗೆದರು. ಏನು ಹೇಳುತ್ತಿದ್ದಾರೆಂದು ಹೆಂಡತಿಗೆ ಕಾಣುವ ಹಾಗೆ ಆಕೆಯ ಕಡೆಗೇ ಮುಖ ಇಟ್ಟು, ಅಂಗಡಿಯ ಸೇಠ್‌ಗೆ ನಾಳೆಯ ರಜೆ ನಿಧಾನವಾಗಿ ತಿಳಿಸಿದರು, "ಸೇಠ್‌ಜೀ, ಕಲ್ ಮೈಂ ನಹೀಂ ಆತಾ."