ಬಿಚ್ಚಿಕೊಳ್ಳದ ಜಡೆ

ಬೆಳಕು ಹರಿಯುವ ಮೊದಲೇ ಪಕ್ಕದ ಮನೆಯ ರೇಷ್ಮೆ ನೂಲು ತೆಗೆಯುವ ಚಕ್ರ ಕಟಕಟ ಎನ್ನುತ್ತಿತ್ತು. ಶಿಡ್ಲಘಟ್ಟದ ಆ ಓಣಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ಅಕ್ಕಯ್ಯಮ್ಮನಿಗೆ ಅದರಿಂದ ನಿದ್ದೆಯೇ ಹತ್ತುತ್ತಿರಲಿಲ್ಲ. ಬರಬರುತ್ತಾ ಅದೇ ಅವಳ ತಾಳವಾಯಿತು. ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಾ ಅವಳು ಹಾಡಿದರೆ ಗೋಡೆಯಾಚೆಯಿಂದ ಇನ್ನೊಂದು ದನಿ ಸೇರಿಕೊಳ್ಳುತ್ತಿತ್ತು. ಅದು ಚಕ್ರ ತಿರುಗಿಸುವ ಓಬಳಮ್ಮನ ದನಿ. ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡುವ ಮೊದಲೇ ಇಬ್ಬರೂ ಗೆಳತಿಯರಾಗಿದ್ದರು. ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಜಡೆ ಕೋಲಾಟ ಕಟ್ಟಿದ್ದೂ ಅವರಿಬ್ಬರೇ.

ಮೇಲಿನಿಂದ ಇಳಿಬಿಟ್ಟ ಬಣ್ಣದ ಹಗ್ಗಗಳನ್ನು ಒಬ್ಬೊಬ್ಬರು ಒಂದೊಂದು ಹಿಡಿದು, ಕೋಲು ಹೊಡೆಯುತ್ತಾ ಸುತ್ತಬೇಕು. ಅರ್ಧ ಜನ ಈ ಕಡೆಯಿಂದ, ಅರ್ಧ ಜನ ಆ ಕಡೆಯಿಂದ. ಎದುರಾದ ಒಬ್ಬಳನ್ನು ಒಳಗಿನಿಂದ ದಾಟಿದರೆ ಮುಂದಿನವಳನ್ನು ಹೊರಗಿನಿಂದ. ಹಾಗೆ ಜಡೆ ಹೆಣೆದುಕೊಳ್ಳುತ್ತದೆ, ಹಿಂದಕ್ಕೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಯಾರಾದರೂ ಹೆಜ್ಜೆ ತಪ್ಪಿದರೆ ಹೆಣೆಯುವಾಗ ಗೊತ್ತೇ ಆಗುವುದಿಲ್ಲ. ಬಿಚ್ಚುವಾಗ ಗಂಟು ನಿಲ್ಲುತ್ತದೆ.

ಈ ದೀಪಾವಳಿಗೆ ಊರಿನ ಮೈದಾನದಲ್ಲಿ ಸಂಗೀತ, ನೃತ್ಯದ ಹಬ್ಬ ಇಟ್ಟುಕೊಂಡಿದ್ದರು. ಗೌರಿಬಿದನೂರಿನ ಮಕ್ಕಳ ಭರತನಾಟ್ಯ, ಕೈವಾರದವರ ತತ್ವಪದ, ಮುರುಗಮಲ್ಲದವರ ಕವ್ವಾಲಿ, ಕಾಲೇಜು ಹುಡುಗರ ಭಾಂಗ್ಡಾ. ಕೊನೆಗೆ ಇವರ ಕೋಲಾಟ. ಓಬಳಮ್ಮನಿಗೆ ಇದೇ ಕೊನೆಯದು. ಚಕ್ರ ಮಾರಿದ್ದಾಗಿತ್ತು, ಹಬ್ಬ ಮುಗಿಸಿಕೊಂಡು ಅವತ್ತೇ ರಾತ್ರಿಯ ಬಸ್ಸಿಗೆ ಚಿಂತಾಮಣಿಗೆ, ಮಗಳ ಮನೆಗೆ ಹೊರಡುವವಳಿದ್ದಳು. ಅದಕ್ಕೆಂದೇ ಅಕ್ಕಯ್ಯಮ್ಮ ಎಲ್ಲರಿಗೂ ಒಂದೇ ಥರದ ಅರಿಶಿನ ಬಣ್ಣದ ಸೀರೆ ಆರಿಸಿ ತಂದಿದ್ದಳು.

ಮಧ್ಯಾಹ್ನ ಮೈದಾನದಲ್ಲಿ ಕೊನೆಯ ಅಭ್ಯಾಸ ನಡೆಯಿತು. ಬಿಚ್ಚುವ ಹೊತ್ತಿಗೆ ಅಕ್ಕಯ್ಯಮ್ಮನ ಹಸಿರು ಹಗ್ಗಕ್ಕೆ ಓಬಳಮ್ಮನ ಕೆಂಪು ಹಗ್ಗ ಬಿಗಿದುಕೊಂಡುಬಿಟ್ಟಿತು.

"ಏನೇ ಓಬಳಮ್ಮ, ಕಣ್ಣು ಮನೇಲಿಟ್ಟು ಬಂದ್ಯಾ?" ಎಂದಳು ಅಕ್ಕಯ್ಯಮ್ಮ. ಕುರ್ಚಿ ಹಾಕುತ್ತಿದ್ದವರೆಲ್ಲ ತಿರುಗಿ ನೋಡಿದರು.

"ನಾನು ಸರೀಗೇ ಬಂದೆ ಕಣಕ್ಕ."

"ಹಂಗಾದ್ರೆ ಹಗ್ಗ ತಾನೇ ಗಂಟು ಹಾಕ್ಕೊಂತಾ? ಮನಸ್ಸು ಆಗ್ಲೇ ಬಸ್ ಹತ್ತಿಬಿಟ್ಟೈತೆ ನಿಂದು!"

ಕುರ್ಚಿಯವರು ಕಿಸಕ್ಕೆಂದು ನಕ್ಕರು. ಆ ನಗು ಅಕ್ಕಯ್ಯಮ್ಮನನ್ನು ಇನ್ನಷ್ಟು ಕೆರಳಿಸಿತು. "ಪವಿತ್ರ ಆಡ್ಲಿ. ನೀನು ಕೂತ್ಕೊಂಡು ನೋಡು" ಎಂದು ಕೆಂಪು ಹಗ್ಗವನ್ನು ಓಬಳಮ್ಮನ ಕೈಯಿಂದ ತೆಗೆದು, ಅಭ್ಯಾಸಕ್ಕೆ ಬರುತ್ತಿದ್ದ ಓಣಿಯ ಹುಡುಗಿ ಪವಿತ್ರಳಿಗೆ ಕೊಟ್ಟಳು.

"ಪೋನೀ, ಹೋಗ್ಲಿ ಬಿಡಕ್ಕ" ಎಂದಳು ಓಬಳಮ್ಮ. ಅಷ್ಟೇ.

ಸಂಜೆ ಮೈದಾನ ತುಂಬಿತ್ತು. ಓಬಳಮ್ಮ ಅದೇ ಅರಿಶಿನ ಸೀರೆಯುಟ್ಟು, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕುಳಿತಿದ್ದಳು. ಚೀಲದ ಬಾಯಿಯಿಂದ ಅವಳ ಕೋಲುಗಳ ತುದಿ ಕಾಣುತ್ತಿತ್ತು.

ಅಕ್ಕಯ್ಯಮ್ಮನ ಹಾಡಿಗೆ ಜಡೆ ಚೆನ್ನಾಗಿಯೇ ಹೆಣೆದುಕೊಂಡಿತು. ಬಿಚ್ಚತೊಡಗಿದಾಗ ಹಸಿರು ಹಗ್ಗ ಮತ್ತೆ ನಿಂತಿತು. ಅದೇ ಜಾಗ, ಅದೇ ಕೆಂಪು.

"ಆಂಟಿ, ಹಾಡು ಮೇಲಕ್ಕೆತ್ತಿದಾಗ ನೀವು ಎರಡು ಸಲ ಒಳಗಿಂದಾನೇ ಬಂದ್ರಿ" ಎಂದು ಪವಿತ್ರ ಪಿಸುಗುಟ್ಟಿದಳು.

ಅಕ್ಕಯ್ಯಮ್ಮನ ಕೋಲು ಗಾಳಿಯಲ್ಲೇ ನಿಂತುಬಿಟ್ಟಿತು. ಹೌದು. ದನಿ ಏರಿಸುವ ಗಮನದಲ್ಲಿ ಹೆಜ್ಜೆ ಮರೆತಿದ್ದಳು. ಮಧ್ಯಾಹ್ನವೂ ಅಲ್ಲೇ.

ಜಡೆಯಾಗಿ ನಿಲ್ಲುವುದೇ ಆಟದ ಮುಕ್ತಾಯವೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಓಬಳಮ್ಮನೂ ತಟ್ಟಿದಳು. ಆ ಗಂಟು ಯಾರದೆಂದು ಅವಳೊಬ್ಬಳಿಗಾದರೂ ಕಾಣದೆ ಇದ್ದೀತೇ?

ನಿರೂಪಣೆ ಮಾಡುತ್ತಿದ್ದ ರಮೇಶ್‌ಬಾಬು ಮೈಕು ಹಿಡಿದು ಬಂದ. "ಎರಡು ಮಾತಾಡಿ ಅಮ್ಮ. ಇಷ್ಟು ಚೆನ್ನಾಗಿ ಹೆಂಗೆ ಕಲಿಸಿದ್ರಿ?"

"ಎಲ್ಲಾರ್ಗೂ ನಮಸ್ಕಾರ" ಎಂದಳು ಅಕ್ಕಯ್ಯಮ್ಮ. ತನ್ನದೇ ದನಿ ದೊಡ್ಡದಾಗಿ ಮೈದಾನದ ಆ ತುದಿಯಿಂದ ಬಂದು ಕಿವಿಗೆ ಬಡಿಯಿತು. "ಇದನ್ನ ನಾನೊಬ್ಳೇ ಕಟ್ಟಿದ್ದಲ್ಲ. ನಮ್ಮ ಓಬಳಮ್ಮ ಅಂತ..."

ಮುಂದಿನ ಸಾಲಿನ ಕುರ್ಚಿ ಖಾಲಿಯಾಗಿತ್ತು. ದೀಪಗಳ ಸಾಲಿನಾಚೆ ಒಂದು ಅರಿಶಿನ ಸೀರೆ ಚೀಲವನ್ನು ಕಂಕುಳಲ್ಲಿಟ್ಟುಕೊಂಡು ಗೇಟಿನತ್ತ ಸಾಗುತ್ತಿತ್ತು.

"ಮಧ್ಯಾಹ್ನ ತಪ್ಪಿದ್ದು ಅವಳಲ್ಲ, ಆ ಗಂಟು..." ಎಂದವಳು ಮೈಕನ್ನು ರಮೇಶ್‌ಬಾಬುವಿನ ಕೈಗೆ ತುರುಕಿ, ಬೆರಳಿಗೆ ಸುತ್ತಿದ್ದ ಹಸಿರು ಹಗ್ಗ ಕಳಚಿ ಬಿಟ್ಟು, ವೇದಿಕೆಯ ಮೆಟ್ಟಿಲಿಳಿದು ಗೇಟಿನ ಕಡೆ ನಡೆದುಬಿಟ್ಟಳು.